ಒಂದೇ ಮೊಳೆ

ಅಡುಗೆಮನೆ ಗೋಡೆಗೆ ಒಂದೇ ಮೊಳೆ,
ಅದಕ್ಕೆ ಎರಡು ಕ್ಯಾಲೆಂಡರು.
ಮೇಲಿನದು ನನ್ನದು, ಮೊಳಕಾಲ್ಮೂರು ಖಜಾನೆಯ ನೌಕರಳದ್ದು.
ಕೆಳಗಿನದು ಪಾಪೇಶನದು,
ರಾಯದುರ್ಗದ ಎಣ್ಣೆ ಅಂಗಡಿಯವರು ಕೊಟ್ಟ ತೆಲುಗಿನದು.
ಅವನ ರಜೆ ನೋಡಬೇಕೆಂದರೆ
ನನ್ನ ತಿಂಗಳನ್ನು ಮುಚ್ಚಳದ ಹಾಗೆ ಎತ್ತಿ ಹಿಡಿಯಬೇಕು.

ಗಡಿಯಾಚೆ ಕನ್ನಡ ಶಾಲೆಗೆ ಅವನು ಮೇಷ್ಟ್ರು.
ಸಂಬಳ ಆಂಧ್ರದ್ದು, ಒತ್ತಕ್ಷರ ನಮ್ಮದು.
ಅರ್ಧ ಗಂಟೆಯ ಬಸ್ಸು, ನಡುವೆ ಒಂದು ಕಲ್ಲು,
ಆ ಮಗ್ಗುಲು ಒಂದು ಬಣ್ಣ, ಈ ಮಗ್ಗುಲು ಒಂದು.
ಶೇಂಗಾ ಬಳ್ಳಿ ಆ ಕಲ್ಲು ಕಂಡು ನಿಂತದ್ದನ್ನು
ನಾನಂತೂ ನೋಡಿಲ್ಲ.

ಸಂಕ್ರಾಂತಿಗೆ ಅವನಿಗೆ ಭೋಗಿ, ಹಬ್ಬ, ಕನುಮ,
ಅದರಾಚೆಗೂ ಬಾಲ ಬೆಳೆದ ರಜೆ.
ನನಗೆ ಒಂದು ದಿನ, ಅದೂ ಎಳ್ಳು ಬೀರುವಷ್ಟರಲ್ಲಿ ಸಂಜೆ.
ಕನುಮದ ದಿನ ನಾನು ಯಾರದೋ ಪಿಂಚಣಿ ಬಿಲ್ಲಿಗೆ ಸೀಲು ಒತ್ತುತ್ತಿದ್ದರೆ
ಅವನು ಲುಂಗಿ ಉಟ್ಟು, ಅವರೆಕಾಳು ಹಿಸುಕುತ್ತಾ ಫೋನು ಮಾಡುತ್ತಾನೆ:
"ಉಪ್ಪಿನ ಡಬ್ಬಿ ಎಲ್ಲಿಟ್ಟೀಯೇ?"

ಮಹಾಲಯ ಅಮಾವಾಸ್ಯೆಗೆ ನಮ್ಮ ಆಫೀಸಿಗೆ ಬೀಗ.
ಅವನ ಅಪ್ಪನಿಗೆ ಎಡೆ ಇಡುವವಳು ನಾನು,
ಮಗ ಅಲ್ಲಿ ಹಾಜರಿ ಕೂಗುತ್ತಿರುತ್ತಾನೆ.
ಕಾಗೆ ಬಂತಾ? ಅಂತ ಮೆಸೇಜು.
ಬಂತು.
ಯಾವ ಕಡೆಯಿಂದ?
ಪೂರ್ವದಿಂದ, ನಿಮ್ಮ ಸ್ಕೂಲಿನ ಕಡೆಯಿಂದ.
ಹಂಗಾದ್ರೆ ಅಪ್ಪ ನನ್ನ ನೋಡ್ಕೊಂಡೇ ಬಂದಾನೆ.

ಎರಡೂ ಪಟ್ಟಿಯಲ್ಲಿ ಕೆಂಪಗಿರುವ ದಿನಗಳೂ ಇವೆ, ಇಲ್ಲವೆಂದಲ್ಲ.
ಆಗಸ್ಟ್ ಹದಿನೈದಕ್ಕೆ ಇಬ್ಬರೂ ಇಸ್ತ್ರಿ ಬಟ್ಟೆ ತೊಟ್ಟು
ಬೇರೆ ಬೇರೆ ಕಂಬದ ಕೆಳಗೆ ಒಂದೇ ಹಾಡಿಗೆ ನಿಲ್ಲುತ್ತೇವೆ.
ಭಾನುವಾರ ರಜೆಯಲ್ಲ, ಬಾಕಿ ಕೆಲಸ:
ನಲ್ಲಿ ನೀರು, ಹಿಟ್ಟಿನ ಗಿರಣಿ, ಅತ್ತೆಯ ಮಂಡಿಗೆ ಎಣ್ಣೆ.
ಪಕ್ಕದ ಮನೆಯ ಲಕುಮಯ್ಯ ಮಗ್ಗದ ಗುಣಿಯಿಂದ ತಲೆಯೆತ್ತಿ ಹೇಳುತ್ತಾನೆ:
"ನಮಗೆ ಅಮಾಸಿ ಒಂದೇ ರಜೆ ತಾಯಿ,
ಅದಕ್ಕೆ ಯಾವ ಸರ್ಕಾರದ ಆರ್ಡರೂ ಬ್ಯಾಡ."

ಹೀಗಿರುವಾಗ ದಿಲ್ಲಿಯಲ್ಲಿ ದೊಡ್ಡವರೊಬ್ಬರು ತೀರಿಕೊಂಡರು.
ರಾತ್ರಿ ಹತ್ತಕ್ಕೆ ಇಲ್ಲಿಯೂ ರಜೆ, ಹತ್ತೂವರೆಗೆ ಅಲ್ಲಿಯೂ ರಜೆ.
ನಾವು ಒಬ್ಬರ ಮುಖ ಒಬ್ಬರು ನೋಡಿದೆವು.
ನಗಬಾರದು ಅಂತ ಅವನು ಬಾಯಿಗೆ ಟವೆಲು ಅಡ್ಡ ಹಿಡಿದ.

ಬೆಳಿಗ್ಗೆ ಸಿದ್ಧಾಪುರಕ್ಕೆ ಹೋದೆವು, ಕಲ್ಲು ನೋಡಲು.
ಇಷ್ಟು ಹತ್ತಿರ, ಹನ್ನೊಂದು ವರ್ಷದಲ್ಲಿ ಹೋಗಿರಲಿಲ್ಲ.
ಕಾವಲಿನ ಬೊಮ್ಮಣ್ಣ ಕಡ್ಡಿಯಲ್ಲಿ ತೋರಿಸಿದ:
ಸುವರ್ಣಗಿರಿಯಿಂದ ಈ ಇಸಿಲದ ಅಧಿಕಾರಿಗಳಿಗೆ ಬಂದ ಅಪ್ಪಣೆ,
ಮೊದಲು ಕ್ಷೇಮ ವಿಚಾರಿಸಿ, ಆಮೇಲೆ ಆದೇಶ.
"ಆ ಊರು ಆಂಧ್ರದಾಗೈತಿ ಅಂತಾರೆ ಕೆಲವರು, ಇಲ್ಲ ಅಂತಾರೆ ಕೆಲವರು."
ನಮ್ಮ ಸುತ್ತೋಲೆಗಳು ಯಾರ ಕ್ಷೇಮವನ್ನೂ ಕೇಳುವುದಿಲ್ಲ.
ರಜಾಪಟ್ಟಿ ಐತೇನು ಇದರಾಗೆ, ಅಂದ ಪಾಪೇಶ.
"ಅದಿಲ್ಲ. ಕಡೆಗೆ ಒಂದು ಲೆಕ್ಕ ಐತಿ ಸಾರ್, ಇನ್ನೂರೈವತ್ತಾರು.
ರಾಜ ಮನೆ ಬಿಟ್ಟು ಹೊರಗೆ ಕಳೆದ ರಾತ್ರಿಗಳಂತೆ."

ಯಾರು ಎಣಿಸಿದ್ದು ಅಂತ ನಾನು ಕೇಳಿದೆ.
ಬೊಮ್ಮಣ್ಣನಿಗೆ ಅದು ಗೊತ್ತಿರಲಿಲ್ಲ.
ಜೊತೆಗಿದ್ದ ಗುಮಾಸ್ತ ಎಣಿಸಿರಬಹುದು.
ಅಥವಾ ಅರಮನೆಯ ಅಡುಗೆಮನೆಯಲ್ಲಿ ಯಾವಳೋ
ಇದ್ದಿಲಿನಲ್ಲಿ ಗೋಡೆಗೆ ಗೀಟು ಎಳೆದಿರಬಹುದು.
ಬಂಡೆಯ ಮೇಲೆ ಬಿಸಿಲಿತ್ತು, ಅವನ ಹೆಗಲು ನನ್ನ ಹೆಗಲಿಗೆ ತಾಗುತ್ತಿತ್ತು,
ವಾರದ ನಡುವಿನ ಬಿಸಿಲು ಬೇರೆಯೇ.

ಬರುವಾಗ ಅರ್ಧ ಬಾಗಿಲು ತೆರೆದ ಹೋಟೆಲಿನಲ್ಲಿ
ಮಂಡಕ್ಕಿ, ಮೆಣಸಿನಕಾಯಿ, ಇನ್ನೊಂದು ಪ್ಲೇಟು ಮೆಣಸಿನಕಾಯಿ.
ಟಿವಿಯಲ್ಲಿ ಚಿತೆಗೆ ಬೆಂಕಿ ಇಟ್ಟರು.
ಗಲ್ಲಾದವನು ಎದ್ದು ನಿಂತ.
ನಾವೂ ಬಾಯೊರೆಸಿಕೊಂಡು ಎದ್ದೆವು.
"ಪುಣ್ಯಾತ್ಮರು," ಅಂದ ಪಾಪೇಶ.
ಯಾವುದಕ್ಕೆ ಅಂದನೋ, ನಾನು ಕೇಳಲಿಲ್ಲ.