ಆರೂವರೆ ಇಂಚು

ಹಳೇ ಫೋನಿಗೆ ಚಾರ್ಜು ಹತ್ತಬೇಕಂದ್ರೆ
ಪಿನ್ನಿನ ಕೆಳಗೆ ಒಂದು ಸೈಜು ಲೇಬಲ್ಲು ಮಡಿಚಿ ಇಡಬೇಕು.
ಮೂವತ್ನಾಲ್ಕರದೇ ಆಗಬೇಕು ಅಂತೇನಿಲ್ಲ,
ನನಗೆ ಅದೇ ರೂಢಿ.
ಮೊನ್ನೆ ಲೇಬಲ್ಲಿಗೂ ಬಗ್ಗಲಿಲ್ಲ.

ಹನ್ನೆರಡು ಸಾವಿರ. ಅದರ ಮೇಲೆ ಒಂದು ರೂಪಾಯಿ ಇಲ್ಲ, ವನ್ನೂರಾ,
ಅಂದೆ ಅಂಗಡಿ ಮೆಟ್ಟಿಲ ಮೇಲೆ ನಿಂತೇ.
ಬೆಂಗಳೂರು ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.
ಅವನು ಗಾಜಿನ ಮೇಲೆ ಮೂರು ಫೋನು ಸಾಲಾಗಿ ಮಲಗಿಸಿದ.

"ನೋಡು ಜಂಬಕ್ಕ, ಇದರ ಬ್ಯಾಟರಿ ಎರಡು ದಿನ ಬರ್ತೈತೆ,
ಆದ್ರೆ ಪರದೆ ಬಿಸಿಲಾಗೆ ಕಾಣಲ್ಲ.
ಇದರ ಪರದೆ ಚಂದ, ಜಾಗ ಕಮ್ಮಿ.
ಇದಕ್ಕೆ ಎಲ್ಲಾ ಐತೆ, ಇಯರ್‌ಫೋನ್ ತೂತು ಇಲ್ಲ."
ಯಾಕಿಲ್ಲ?
"ನೀರು ಹೋಗಬಾರದಂತ ಮುಚ್ಯಾರೆ."

ನಾನು ಹದಿನಾರು ವರ್ಷದಿಂದ ಜೇಬು ಹೊಲಿಯೋಳು.
ಕಾಲು ಬೇರೆಯವರದು, ಸೊಂಟ ಬೇರೆಯವರದು, ಜಿಪ್ಪು ಬೇರೆಯವರದು;
ಕೌಲ್ ಬಜಾರಿನ ಆ ಮೂರನೇ ಮಹಡಿಯಲ್ಲಿ
ಜೇಬಷ್ಟೇ ನನ್ನದು.
ಬಲಗಡೆ ಜೇಬಿನೊಳಗೆ ಒಂದು ಪುಟ್ಟ ಜೇಬು ಇಡ್ತೀವಿ,
ಹಿಂದೆ ಯಾವನೋ ದೊರೆ ಗಡಿಯಾರ ಇಡ್ತಿದ್ದನಂತೆ.
ದೊರೆ ಹೋದ, ಗಡಿಯಾರ ಹೋಯ್ತು,
ಆ ಜೇಬು ಇವತ್ತಿಗೂ ದಿನಕ್ಕೆ ಮುನ್ನೂರು ಹೊಲಿತೀನಿ.
ಯಾರಿಗೂ ಬೇಡದ್ದನ್ನ ಬಿಡದ ಜಗತ್ತು
ದಿನಾ ನಾನು ಬಳಸೋ ತೂತು ಮುಚ್ಚೈತೆ.
ಮಿಷನ್ನಿನ ಗದ್ದಲದಲ್ಲಿ ಹೊಸಪೇಟೆ ಸ್ಟೇಷನ್ನು ಹಿಡೀಬೇಕಂದ್ರೆ
ಆ ವೈರೇ ನನಗೆ ಏರಿಯಲ್ಲು.

ಹಿಂದೆ ತಿರುಗಿಸಿದೆ. ನಾಲ್ಕು ಕಣ್ಣು.
ನಾಲ್ಕೂ ನೋಡ್ತಾವೇನಪ್ಪ?
ವನ್ನೂರ ಅತ್ತಿತ್ತ ನೋಡಿ ದನಿ ಇಳಿಸಿದ:
"ಒಂದು ನೋಡ್ತೈತಕ್ಕ. ಉಳಿದವು ಸುಮ್ನೆ ಇರ್ತಾವೆ."
ನಗು ಬಂತು.
ಲೇಡೀಸ್ ಪ್ಯಾಂಟಿಗೆ ನಾನೂ ಹಂಗೇ ಮಾಡ್ತೀನಿ,
ಬಾಯಿ ಇಲ್ಲದ ಜೇಬು:
ಮೇಲೆ ಎರಡು ಸಾಲು ಹೊಲಿಗೆ, ಒಳಗೆ ಏನಿಲ್ಲ.
ಹೆಣ್ಮಕ್ಕಳು ಬ್ಯಾಗು ಹಿಡಿತಾರೆ ಬಿಡು, ಅಂತಾರೆ ಕಟಿಂಗ್ ಮಾಸ್ತರು,
ಬಟ್ಟೆ ಉಳಿತೈತೆ.

ಬೆರಳಿಡು ಅಂದ. ಇಟ್ಟೆ.
ಮತ್ತೊಮ್ಮೆ ಇಡು. ಒರೆಸಿ ಇಡು. ಇದು ಬೇಡ, ಆ ಬೆರಳು.
ಹೆಬ್ಬೆರಳಿನ ಗೆರೆಗಳನ್ನ ಬಟ್ಟೆ ತಿಂದು ಬಹಳ ದಿನ ಆಯ್ತು,
ಉಳಿದ ಸಂದಿಯಲ್ಲಿ ನೀಲಿ ಕುಂತೈತೆ.
ರೇಷನ್ ಅಂಗಡಿಯ ಡಬ್ಬಿಗೂ ನಾನು ಯಾರಂತ ಗೊತ್ತಾಗಲ್ಲ.
ಇದರ ದುಡ್ಡು ಕಳಿ, ಅಂದೆ.
"ಬಿಡಿಬಿಡಿಯಾಗಿ ಮಾರಲ್ಲಕ್ಕ."

ಕೊರಳಲ್ಲಿದ್ದ ಟೇಪು ತೆಗೆದು ಅಳೆದೆ.
ಉದ್ದ ಆರೂವರೆ ಇಂಚು, ಅಗಲ ಮೂರು.
ನಾನು ಕೆಲಸಕ್ಕೆ ಸೇರಿದಾಗ ಫೋನು ನಾಲ್ಕು ಇತ್ತು,
ಗಂಡಸರ ಜೇಬು ಆರು.
ಫೋನು ಬೆಳೆದ ಹಾಗೆ ಅದೂ ಬೆಳೀತು,
ಏಳು, ಏಳೂವರೆ, ಈಗ ಎಂಟಕ್ಕೆ ಬಂದೈತೆ.
ಲೇಡೀಸು ನಾಲ್ಕೂವರೆಗೇ ನಿಂತೈತೆ.
ಸಣ್ಣ ಫೋನು ಇಲ್ಲೇನು?
"ಸಣ್ಣದು ಯಾರೂ ಕೇಳಲ್ಲ," ಅಂದ.
ನಾನು ಕೇಳ್ತಾ ನಿಂತಿದ್ದೆ.

ಕಡೆಗೆ ಬ್ಯಾಟರಿದು ತಗೊಂಡೆ. ತೂತು ಐತೆ. ತೂಕವೂ ಐತೆ.
ಬಿಸಿಲಾಗೆ ಕಾಣಲ್ಲ ಅಂದ್ರೆ ನೆರಳಿಗೆ ಬರ್ತೀನಿ,
ಬಳ್ಳಾರಿಯಲ್ಲಿ ನೆರಳು ಹುಡುಕೋದು ಹೊಸದೇನಲ್ಲ.
ಫೋಟೊ ಮಸುಕಂತ ತಂಗಿ ಮಗಳು ಮುಖ ಸಿಂಡರಿಸಿದಳು.
ಸಿಂಡರಿಸಿದ್ದು ಮಾತ್ರ ಚೆನ್ನಾಗೇ ಬಿದ್ದೈತೆ.

ಮರುದಿನ ಲೇಡೀಸ್ ಲಾಟು ಬಂತು, ಇಪ್ಪತ್ತೆಂಟರ ಸೈಜು.
ಮಾಸ್ತರು ಚಹಾಕ್ಕೆ ಇಳಿದಾಗ
ಒಂದೇ ಒಂದು ಪ್ಯಾಂಟಿಗೆ ಗಂಡಸರ ಜೇಬಿನ ತುಂಡು ಜೋಡಿಸಿದೆ.
ಯಾವ ಊರಿಗೆ ಹೋಗ್ತೈತೋ,
ಯಾವಳ ಕೈ ಇಳಿತೈತೋ,
ಇಳಿದು, ತಳ ಸಿಗದೆ, ಒಂದು ಗಳಿಗೆ ನಿಲ್ತೈತೋ.

ಕಿವಿಯಲ್ಲಿ ಹೊಸಪೇಟೆ ಕರಕರ ಅಂತಿತ್ತು.
ನನ್ನ ಲಂಗಕ್ಕೆ ಇನ್ನೂ ಜೇಬು ಹೊಲಿದುಕೊಂಡಿಲ್ಲ,
ಫೋನು ಮಡಿಲಲ್ಲೇ ಬೆಚ್ಚಗೆ ಕುಂತಿತ್ತು.