ಲಾಯದ ಲೆಕ್ಕ

ಚಿಲೋಯೆ ದ್ವೀಪ, ದಾಲ್ಕಾವೆ ರೇವು.
ತಗಡಿನ ಷೆಡ್ಡು, ಬಾಗಿಲಲ್ಲೇ ಸಮುದ್ರ.
ರೊಸೆಂಡಾ ಕಾರ್ಕಮೊ ನಾಝಲ್ ಒಂದನ್ನು
ಬೆಳಕಿಗೆ ಹಿಡಿದು ಒಂದೇ ಕಣ್ಣಲ್ಲಿ ನೋಡುತ್ತಿದ್ದಾಗ
ನುಗ್ಗಿ ಬಂದ ಅಬೆಲಾರ್ದೊ ಓಯಾರ್ಸೊ,
ಕೈಯಲ್ಲಿ ಎರಡು ಕಾಗದ.

"ಓದು. ಇಲ್ಲಿ ಆರು ಸಿಲಿಂಡರು, ಅಲ್ಲಿಯೂ ಆರು.
ಎರಕದ ಮೇಲಿನ ನಂಬರು ಕೂಡ ಅದೇ.
ಕಾಸ್ತ್ರೊ ಬಸ್ಸಿಗೆ ಇನ್ನೂರಿಪ್ಪತ್ತು ಕುದುರೆ,
ನನ್ನ ದೋಣಿಗೆ ನೂರೈವತ್ತು.
ಉಳಿದ ಎಪ್ಪತ್ತನ್ನು
ಯಾರು ಹೊಡಕೊಂಡು ಹೋದರು?"

ನಾನು ಸೀಮೆಎಣ್ಣೆಯಲ್ಲಿ ಬೋಲ್ಟು ತೊಳೆಯುತ್ತಿದ್ದೆ.
ಹದಿನೇಳು ವಯಸ್ಸು. ನನಗೂ ಅದೇ ಪ್ರಶ್ನೆ ಇತ್ತು,
ಕೇಳುವ ಧೈರ್ಯ ಇರಲಿಲ್ಲ.

"ಕಳವಾಗಿಲ್ಲ," ಅಂದಳು ರೊಸೆಂಡಾ,
"ಲಾಯದಲ್ಲೇ ಇವೆ. ಬಿಚ್ಚಿಲ್ಲ, ಅಷ್ಟೇ.

ಬಸ್ಸು ಏರು ಹತ್ತುತ್ತದೆ. ಎರಡು ನಿಮಿಷ ಏದುಸಿರು.
ಆಮೇಲೆ ಇಳಿಜಾರು, ಆಮೇಲೆ ನಿಲ್ದಾಣ.
ಮೊಟ್ಟೆ ಬುಟ್ಟಿಯ ಮುದುಕಿ ಹತ್ತಿ ಕೂರುವ ತನಕ
ಅದಕ್ಕೆ ಬಿಡುವು, ಮುಖಕ್ಕೆ ತಣ್ಣನೆ ಗಾಳಿ.
ನಿನ್ನ ದೋಣಿಗೆ ಇಳಿಜಾರು ಎಲ್ಲಿದೆ, ಅಬೆಲಾರ್ದೊ?
ನೀರು ಎಲ್ಲ ಕಡೆಯೂ ಏರೇ.
ನಸುಕಿನಿಂದ ಕತ್ತಲವರೆಗೆ ನಿನ್ನ ಪ್ರೊಪೆಲ್ಲರು
ಹತ್ತುತ್ತಲೇ ಇರುತ್ತದೆ ತುದಿಯಿಲ್ಲದ ಬೆಟ್ಟ,
ಎಂಜಿನ್ನು ಹೊಟ್ಟೆಯೊಳಗಿನ ಕತ್ತಲಲ್ಲಿ
ತನ್ನ ಬಿಸಿಯನ್ನೇ ತಾನು ಉಸಿರಾಡುತ್ತ."

"ಬೆಂಕಿ ಆರಿಸುವವರ ಪಂಪು?
ಅದೂ ಇದೇ ಎಂಜಿನ್ನು. ಮುನ್ನೂರಂತೆ!"

"ಅದು ವರ್ಷಕ್ಕೆ ಹತ್ತು ಗಂಟೆ ಬದುಕಿದರೆ ಹೆಚ್ಚು.
ಮನೆ ಉರಿಯುವಾಗ ಎಂಜಿನ್ನು ಉಳಿಯಲಿ ಎಂದು
ಯಾರೂ ಹರಕೆ ಹೊರುವುದಿಲ್ಲ.
ಆಚೆ ದ್ವೀಪದ ಜನರೇಟರು ನೋಡು, ಅದೇ ಮೈ,
ನಿಮಿಷಕ್ಕೆ ಸಾವಿರದ ಐನೂರು ಸುತ್ತು,
ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.
ಅದಕ್ಕೆ ಓಟ ಗೊತ್ತೇ ಇಲ್ಲ, ಬರೀ ನಡಿಗೆ.
ಹನ್ನೊಂದು ವರ್ಷದಿಂದ ನಡೆಯುತ್ತಿದೆ."

ಪಂಪಿನ ಮೇಲೊಂದು ಸ್ಕ್ರೂ, ಅದಕ್ಕೆ ಸೀಸದ ಮುದ್ರೆ.
ಬೆರಳಿಟ್ಟು ತೋರಿಸಿದಳು: ಎಷ್ಟು ಹನಿ ಡೀಸೆಲ್,
ಎಷ್ಟು ಹೊತ್ತಿಗೆ. ಲಾಯದ ಬಾಗಿಲು ಇದೇ.
ತೋರಿಸಿದ್ದೇ ತಪ್ಪಾಯಿತೇನೊ.

ಆ ರಾತ್ರಿ ಅಬೆಲಾರ್ದೊ
ಮುದ್ರೆಯನ್ನು ಮೊಳೆಯಿಂದ ಕಿತ್ತ.
ಸ್ಕ್ರೂಡ್ರೈವರ್ ಕೊಟ್ಟವನು ನಾನು.

'ಸಾಂತಾ ಎದುವಿಹಿಸ್' ಹಾರಿತು!
ಚಿಪ್ಪುಮೀನಿನ ಮೂಟೆ ಹೊತ್ತೂ ಎಲ್ಲರಿಗಿಂತ ಮುಂದೆ,
ಹಿಂದೆ ಕರೀ ಹೊಗೆಯ ಜಡೆ.
ಹಾದುಹೋಗುವಾಗ ನನ್ನತ್ತ ಟೋಪಿ ಎತ್ತಿದ,
ನಾನು ಬೋಲ್ಟಿನ ಡಬ್ಬಿ ಎತ್ತಿ ಕುಣಿದೆ.
ಒಂಬತ್ತು ದಿನ.

ಹತ್ತನೆಯ ದಿನ ಹಗ್ಗ ಕಟ್ಟಿ ಎಳೆದು ತಂದರು,
ಅದೂ ಅವನ ಭಾವನ ದೋಣಿಗೆ ಕಟ್ಟಿ,
ಭಾವನದೋ ಬರೀ ನಲವತ್ತು ಕುದುರೆ.

ನಾಲ್ಕನೆಯ ಪಿಸ್ಟನ್ನು
ಗಾಳಿಗಿಟ್ಟ ಮೇಣದಬತ್ತಿಯ ಹಾಗೆ ಒಂದು ಕಡೆ ಕರಗಿತ್ತು.
ರೊಸೆಂಡಾ ಬೈಯಲಿಲ್ಲ.
ಸ್ಕ್ರೂವಿನ ತಲೆಯ ಗೀರು ನೋಡಿದಳು,
ನನ್ನ ಹತಾರದ ಪೆಟ್ಟಿಗೆ ನೋಡಿದಳು.
"ಒಂದೂವರೆ ಸುತ್ತು," ಅಂದಳು, ತನಗೇ ಎಂಬಂತೆ.
ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.
ಆ ಚಳಿಗಾಲವೆಲ್ಲ
ಸಂಬಳವಿಲ್ಲದೆ ಆ ಎಂಜಿನ್ನು ಕೂಡಿಸಿದೆ.
ಯಾಕೆ ಸಂಬಳವಿಲ್ಲ ಎಂದು ನಾನೂ ಕೇಳಲಿಲ್ಲ.

ಈಗ ಕಾಸ್ತ್ರೊಗೆ ಹೋಗುವಾಗೆಲ್ಲ
ಡ್ರೈವರನ ಹಿಂದಿನ ಸೀಟೇ ಬೇಕು ನನಗೆ.
ಏರಿನಲ್ಲಿ ಕಾಲಡಿಯ ಹಲಗೆ ನಡುಗುತ್ತದೆ,
ಇನ್ನೂರಿಪ್ಪತ್ತೂ ಒಟ್ಟಿಗೆ ಏದುತ್ತವೆ.
ಮೇಲೆ, ತಿರುವಿನಲ್ಲಿ, ಬಸ್ಸು ನಿಲ್ಲುತ್ತದೆ.
ಬುಟ್ಟಿ ಹಿಡಿದವಳೊಬ್ಬಳು ಮೆಟ್ಟಿಲಿಗೆ ಕಾಲು ಹುಡುಕುತ್ತಾಳೆ.
ಹಿಂದಿನವರು ಗೊಣಗುತ್ತಾರೆ.

ನಿಧಾನ, ಅಜ್ಜಿ.
ಮೊಟ್ಟೆ ಜೋಪಾನ.