ಅರ್ಧ ಟಿಕೆಟ್

ದಾವಣಗೆರೆಯ ನಮ್ಮ ಭಟ್ಟಿಯಲ್ಲಿ
ಅಕ್ಕಿ ಅರಳಲು ಒಂದು ಉಸಿರು ಸಾಕು.
ಮರಳು ಕಾದಿರಬೇಕು, ಕೈ ನಿಲ್ಲಬಾರದು.
ಚಟಚಟ ಅಂದು ನಾಲ್ಕು ಪಟ್ಟು ಆಗಿ
ಜರಡಿಯ ಮೇಲೆ ಬಂದು ಕೂರುತ್ತೆ ಮಂಡಕ್ಕಿ.
ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವನಿಗೆ
ಮಗಳು ಯಾಕೆ ಬೆಳೀತಿಲ್ಲ ಅಂತ ತಿಳಿಯಲಿಲ್ಲ.

ಸಬೀಹಾಗೆ ಆಗ ಹತ್ತು.
ಹರಿಹರದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು ತಲೆ ಸವರಿ
'ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ ಸಾಬ್ರೆ' ಅಂದ.
'ನಾನು ಐದನೇ ಕ್ಲಾಸು, ಅರ್ಧ ಟಿಕೆಟ್ ಕೊಡ್ರಿ.'
ಹಿಂದಿನ ಸೀಟಿನವರು ನಕ್ಕರು.
ನಾನೂ ನಕ್ಕೆ. ಅದು ಈಗಲೂ ಚುಚ್ಚುತ್ತೆ.

ಎಂ.ಸಿ.ಸಿ. ಬ್ಲಾಕಿನ ಡಾಕ್ಟರಮ್ಮ
ಮಣಿಕಟ್ಟಿನ ಎಕ್ಸ್‌ರೇ ಬೆಳಕಿಗೆ ಹಿಡಿದು
'ಮೂಳೆಗೆ ಇನ್ನೂ ಆರೇ ವರ್ಷ' ಅಂದರು.
ಅಡ್ಡಗೋಡೆ ಮೇಲೆ ದೀಪ ಇಡುವವರಲ್ಲ,
ಕೇಳಿದ್ದಕ್ಕೆಲ್ಲ ಹೇಳಿದರು:

ತಲೆಬುರುಡೆಯ ಬುಡದಲ್ಲಿ ಬಟಾಣಿಯಷ್ಟು ಗ್ರಂಥಿ,
ಅದರ ರಸ ಸಾಲದು ಇವಳಿಗೆ.
ದನದ್ದು ಹಾಕಿ ನೋಡಿದರಂತೆ ಮೊದಲು,
ಮನುಷ್ಯರಿಗೆ ಹತ್ತಲಿಲ್ಲ.
ಆಮೇಲೆ ಹೆಣದ ತಲೆಯಿಂದ ತೆಗೆದರಂತೆ,
ಪರದೇಶದ ಶವಾಗಾರಗಳಲ್ಲಿ, ಒಂದೊಂದೇ ಬಟಾಣಿ.
ಒಂದು ಮಗುವಿನ ಒಂದು ವರ್ಷಕ್ಕೆ ಎಷ್ಟೋ ಸತ್ತವರು.
ಮಕ್ಕಳು ಬೆಳೆದರು, ನಿಜ.
ಅವರಲ್ಲಿ ಕೆಲವರಿಗೆ, ಎಷ್ಟೋ ವರ್ಷ ಕಳೆದ ಮೇಲೆ,
ನಡಿಗೆ ತಪ್ಪಿತು, ಮಾತು ತಪ್ಪಿತು.
ಯಾರದೋ ಮಿದುಳಿನ ರೋಗ ಅದೇ ಸೂಜಿಯಲ್ಲಿ ಬಂದಿತ್ತು.
ಎಂಬತ್ತೈದರಲ್ಲಿ ನಿಲ್ಲಿಸಿಬಿಟ್ಟರು.
'ಹೆದರಬೇಡಿ, ಇದು ಆ ಔಷಧ ಅಲ್ಲ.
ಈಗ ಸೂಕ್ಷ್ಮಜೀವಿ ಕೈಲಿ ಮಾಡಿಸ್ತಾರೆ, ದೊಡ್ಡ ಹಂಡೆಯಲ್ಲಿ.'
ಹಂಡೆ ಅಂದಿದ್ದು ನನಗೆ ಅರ್ಥವಾಯಿತು.

ಭಟ್ಟಿಯ ನನ್ನ ಪಾಲು ತಮ್ಮನಿಗೆ ಬರೆದುಕೊಟ್ಟೆ.
ಫ್ರಿಜ್ ನಮ್ಮಲ್ಲಿಲ್ಲ. ಪೆನ್ನಿನಂಥ ಆ ಸೂಜಿ
ಎದುರು ಮನೆ ಗಿರಿಜವ್ವನ ಫ್ರಿಜ್ಜಲ್ಲಿ, ಬೆಣ್ಣೆ ಡಬ್ಬಿಯ ಪಕ್ಕ.
ರಾತ್ರಿ ಅವರ ದೋಸೆ ಹಂಚು ತಣ್ಣಗಾದ ಮೇಲೆ
ಸಬೀಹಾನೇ ಹೋಗಿ ತರುತ್ತಾಳೆ, ತಾನೇ ಚುಚ್ಚಿಕೊಳ್ಳುತ್ತಾಳೆ,
ಇವತ್ತು ಎಡ ತೊಡೆ, ನಾಳೆ ಬಲ.
ನಾನು ಆ ಕಡೆ ನೋಡಲ್ಲ.

ಗುರುವಾರ ರಾತ್ರಿ ಫಾತೆಹಾ ಓದುವಾಗ
ಅಪ್ಪ, ಅಮ್ಮ, ಭಟ್ಟಿಯಲ್ಲಿ ಸುಟ್ಟುಕೊಂಡ ಅಣ್ಣ, ಇವರಾದ ಮೇಲೆ
ಇನ್ನೊಂದು ಓದುತ್ತೇನೆ, ಹೆಸರು ಗೊತ್ತಿಲ್ಲದವರಿಗೆ:
ಆ ಬಟಾಣಿಗಳ ಒಡೆಯರಿಗೆ,
ಎತ್ತರಕ್ಕೆ ಬೆಳೆದು ಬಿದ್ದುಹೋದ ಆ ಮಕ್ಕಳಿಗೆ.
ಅವರ ಒಂದು ಹನಿಯೂ ನನ್ನ ಮಗಳ ಮೈಯಲ್ಲಿಲ್ಲ, ಗೊತ್ತು.
ಹಜರತ್ ಏನಂತಾರೋ, ಕೇಳಿಲ್ಲ.

ಬಾಗಿಲ ಚೌಕಟ್ಟಿಗೆ ಇದ್ದಿಲ ಗೆರೆ. ವರ್ಷಕ್ಕೆ ನಾಲ್ಕು ಬೆರಳು.
ಮೊನ್ನೆ ಅದೇ ಬಸ್ಸು, ಬೇರೆ ಕಂಡಕ್ಟರು.
ಅವಳನ್ನು ಮೇಲಿಂದ ಕೆಳಗೆ ನೋಡಿ
ಅರ್ಧ ಹರಿದ.
ಹನ್ನೆರಡು ತುಂಬಿದೆ, ಇನ್ನರ್ಧದ ದುಡ್ಡು ತಗೊಳ್ಳಿ ಅಂತ
ಇವಳು ಚಿಲ್ಲರೆ ಚಾಚಿದ್ದಾಳೆ,
ಇಳಿಸ್ತಾನೇ ಇಲ್ಲ ಕೈ.